ಮೆಟ್ಟುಪಾಳ್ಯಂಗೆ ಓದಲು ಹೊರಟವರಿಗೊಂದು ಬಹಿರಂಗ ಪತ್ರ

ಮೆಟ್ಟುಪಾಳ್ಯಂ ಅರಣ್ಯ ಕಾಲೇಜಿಗೆ ಹೊಸದಾಗಿ ಸೇರಲಿರುವ ಕರ್ನಾಟಕದ ವಿದ್ಯಾರ್ಥಿಗಳಿಗೆ, ಅವರನ್ನು ಕಳಿಸಿಕೊಡುವ ಮನೆಯವರಿಗೆ:

ಮೆಟ್ಟುಪಾಳ್ಯಂ ನೀಲಗಿರಿಯ ಬುಡದಲ್ಲಿ, ಭವಾನಿ ಹೊಳೆಯ ದಂಡೆಯಲ್ಲಿರುವ ತಾಲ್ಲೂಕು ಕೇಂದ್ರ. ಕೊಯಮತ್ತೂರಿನಿಂದ ಉತ್ತರಕ್ಕೆ ಸುಮಾರು 35 ಕಿ.ಮೀ. ದೂರದಲ್ಲಿದೆ. ಕನ್ನಡಿಗರಲ್ಲಿ ಬಹುಪಾಲು ಜನರಿಗೆ ಇದು ಊಟಿಯ ಪುಟ್ಟ ರೈಲು ಹೊರಡುವ ಊರು. ಬೆಟ್ಟದ ಆಲೂಗಡ್ಡೆ, ಬೆಳ್ಳುಳ್ಳಿ, ಅಡಿಕೆ, ಬಾಳೆಯ ವ್ಯಾಪಾರಿಗಳಿಗೆ ಇದು ಮಂಡಿಗಳ ಊರು. ಓದುವ ಮಕ್ಕಳಿಗೆ ಮಾತ್ರ ಇದರ ಗುರುತು ಬೇರೆ. ತಮಿಳುನಾಡು ಕೃಷಿ ವಿಶ್ವವಿದ್ಯಾಲಯಕ್ಕೆ ಸೇರಿದ ಅರಣ್ಯ ಕಾಲೇಜು ಮತ್ತು ಸಂಶೋಧನಾ ಸಂಸ್ಥೆ ಇರುವುದು ಇಲ್ಲಿ, ಊರಿನಿಂದ ಹೊರಗೆ ಕೋಟಗಿರಿ ರಸ್ತೆಯಲ್ಲಿ. ಅರಣ್ಯಶಾಸ್ತ್ರದ ಜೊತೆಗೆ ರೇಷ್ಮೆಕೃಷಿಯ ಪದವಿಯನ್ನೂ ಇಲ್ಲಿ ಕಲಿಸುತ್ತಾರೆ.

ಅರಣ್ಯಶಾಸ್ತ್ರ ಓದಲು ಕರ್ನಾಟಕದಲ್ಲೇ ಶಿರಸಿ ಇದೆ, ಕೊಡಗಿನ ಪೊನ್ನಂಪೇಟೆ ಇದೆ. ಆದರೂ ಗಡಿ ದಾಟಿ ಬರುವವರು ಇದ್ದಾರೆ. ಕಾರಣ ಎರಡು. ಮೊದಲನೆಯದು ಪ್ರವೇಶದ ಪದ್ಧತಿ. ಭಾರತೀಯ ಕೃಷಿ ಅನುಸಂಧಾನ ಪರಿಷತ್ತು, ಅಂದರೆ ಐಸಿಎಆರ್, ರಾಜ್ಯ ಕೃಷಿ ವಿಶ್ವವಿದ್ಯಾಲಯಗಳ ಒಂದು ಪಾಲು ಸೀಟುಗಳನ್ನು ರಾಷ್ಟ್ರಮಟ್ಟದ ಪರೀಕ್ಷೆಯ ಮೂಲಕ ತುಂಬುತ್ತದೆ. ಪದವಿ ತರಗತಿಗೆ 2023ರಿಂದ ಈ ಪರೀಕ್ಷೆ ಸಿಯುಇಟಿಯೊಳಗೆ ಸೇರಿದೆ. ರ್‍ಯಾಂಕು ಎಲ್ಲಿಗೆ ಎಳೆದರೆ ಅಲ್ಲಿಗೆ ಹೋಗುವುದು. ಸ್ವಂತ ರಾಜ್ಯ ಬಿಟ್ಟು ಸೇರಿದವರಿಗೆ ರಾಷ್ಟ್ರೀಯ ಪ್ರತಿಭಾ ವಿದ್ಯಾರ್ಥಿವೇತನವೂ ಸಿಗುವುದರಿಂದ ಮನೆಯವರ ತಕರಾರು ಅರ್ಧ ಅಲ್ಲೇ ಮುಗಿಯುತ್ತದೆ. ಎರಡನೆಯ ಕಾರಣ ಇಲ್ಲಿ ನಡೆಯುವ ಕೆಲಸ. ಕಾಗದ, ಪ್ಲೈವುಡ್, ಬೆಂಕಿಪೆಟ್ಟಿಗೆ ಕಾರ್ಖಾನೆಗಳಿಗೆ ಬೇಕಾದ ಮರವನ್ನು ರೈತರ ಹೊಲದಲ್ಲೇ ಬೆಳೆಸುವ ಕೈಗಾರಿಕಾ ಕೃಷಿ ಅರಣ್ಯದಲ್ಲಿ ಮೆಟ್ಟುಪಾಳ್ಯಂಗೆ ಹೆಸರಿದೆ. ಹೆಬ್ಬೇವು, ಸರ್ವೆ ಮರಗಳ ತಳಿ ಕೆಲಸ ಇಲ್ಲಿ ನಡೆದಿದೆ. ಹೆಬ್ಬೇವು ಕರ್ನಾಟಕದ ಬಯಲುಸೀಮೆಯ ಹೊಲಗಳಿಗೂ ಬಂದಿರುವುದರಿಂದ, ಊರಲ್ಲಿ ಕಂಡ ಮರದ ಹಿಂದಿನ ವಿದ್ಯೆ ಕಲಿಯಲು ಇಲ್ಲಿಗೆ ಬರುವುದರಲ್ಲಿ ಅರ್ಥವಿದೆ.

ಇಲ್ಲಿಗೆ ಬರುವ ದಾರಿ ಮೂರು. ಪ್ರತಿಯೊಂದಕ್ಕೂ ಅದರದೇ ನಿಯಮವಿದೆ. ಮೈಸೂರು ಕಡೆಯವರು ಗುಂಡ್ಲುಪೇಟೆ, ಬಂಡೀಪುರ, ಮುದುಮಲೆ ದಾಟಿ ಊಟಿಗೆ ಹತ್ತಿ, ಕೂನೂರಿನಿಂದ ಇಳಿಯಬಹುದು. ಬಂಡೀಪುರದ ಕಾಡಿನೊಳಗೆ 2009ರಿಂದ ರಾತ್ರಿ ಒಂಬತ್ತರಿಂದ ಬೆಳಗ್ಗೆ ಆರರವರೆಗೆ ಸಂಚಾರ ಬಂದ್. ಚಾಮರಾಜನಗರದ ಕಡೆಯವರಿಗೆ ಪುಣಜನೂರು, ಹಾಸನೂರು, ದಿಂಬಂ ಘಾಟಿ, ಬಣ್ಣಾರಿ, ಸತ್ಯಮಂಗಲದ ದಾರಿ ಇದೆ. ದಿಂಬಂನ 27 ಹೇರ್‌ಪಿನ್ ತಿರುವುಗಳಿರುವುದು ಸತ್ಯಮಂಗಲ ಹುಲಿ ಮೀಸಲಿನೊಳಗೆ. 2022ರ ಫೆಬ್ರುವರಿಯಿಂದ ಮದ್ರಾಸ್ ಹೈಕೋರ್ಟ್ ಆದೇಶದಂತೆ ಅಲ್ಲಿಯೂ ರಾತ್ರಿ ಸಂಚಾರಕ್ಕೆ ನಿರ್ಬಂಧವಿದೆ. ಆದ್ದರಿಂದ ಬಾಡಿಗೆ ಕಾರಿನಲ್ಲಿ ಗಂಟುಮೂಟೆ ಹೇರಿಕೊಂಡು ರಾತ್ರಿ ಊಟ ಮುಗಿಸಿ ಹೊರಡುವ ನಮ್ಮವರ ರೂಢಿ ಈ ಎರಡೂ ದಾರಿಯಲ್ಲಿ ನಡೆಯುವುದಿಲ್ಲ. ಚೆಕ್‌ಪೋಸ್ಟಿನ ಮುಂದೆ ಬೆಳಗಾಗುವವರೆಗೆ ಕೂರಬೇಕಾಗುತ್ತದೆ. ಸ್ವಂತ ವಾಹನದಲ್ಲಿ ನೀಲಗಿರಿಯ ಮೇಲಿಂದ ಬರುವವರು ಇನ್ನೊಂದನ್ನೂ ಗಮನಿಸಬೇಕು. 2024ರ ಮೇ ತಿಂಗಳಿಂದ ಆ ಜಿಲ್ಲೆಗೆ ಬರುವ ಹೊರಗಿನ ವಾಹನಗಳಿಗೆ ಇ-ಪಾಸ್ ಪದ್ಧತಿ ಬಂದಿದೆ. ಸರ್ಕಾರಿ ಬಸ್ಸಿನಲ್ಲಿ ಬರುವವರಿಗೆ ಅದರ ಗೊಡವೆಯಿಲ್ಲ.

ಬೆಂಗಳೂರು ಮತ್ತು ಅದರಿಂದಾಚೆಯವರಿಗೆ ರೈಲೇ ವಾಸಿ. ರೈಲು ಕೊಯಮತ್ತೂರು ಜಂಕ್ಷನ್ನಿಗೆ ಬಿಡುತ್ತದೆ. ಅಲ್ಲಿಂದ ಮೆಟ್ಟುಪಾಳ್ಯಂಗೆ ಪ್ಯಾಸೆಂಜರ್ ರೈಲು ಒಂದು ಗಂಟೆಯ ಒಳಗಿನ ಪ್ರಯಾಣ. ಬಸ್ಸಿನಲ್ಲಿ ಬಂದವರಿಗೆ ಎಡವಟ್ಟಾಗುವುದು ಇಲ್ಲೇ. ಸತ್ಯಮಂಗಲದ ಮೂಲಕ ಬರುವ ಬಸ್ಸುಗಳು ಕೊಯಮತ್ತೂರಿನ ಗಾಂಧಿಪುರಕ್ಕೆ ಹೋಗಿ ನಿಲ್ಲುತ್ತವೆ. ಮೆಟ್ಟುಪಾಳ್ಯಂ, ಊಟಿ ಕಡೆಯ ಬಸ್ಸುಗಳು ಹೊರಡುವುದು ಮೆಟ್ಟುಪಾಳ್ಯಂ ರಸ್ತೆಯಲ್ಲಿರುವ ಬೇರೆಯೇ ನಿಲ್ದಾಣದಿಂದ. ಎರಡರ ನಡುವೆ ಟೌನ್ ಬಸ್ಸು ಹಿಡಿಯಬೇಕು. ಟ್ರಂಕು, ಹಾಸಿಗೆ ಹೊತ್ತು ಬಂದವರಿಗೆ ಆಟೋ ಅನಿವಾರ್ಯ. ಚಾಮರಾಜನಗರದಿಂದ ಬರುವವರು ಕೊಯಮತ್ತೂರಿನವರೆಗೆ ಹೋಗದೆ ಸತ್ಯಮಂಗಲದಲ್ಲೇ ಇಳಿದು, ಮೆಟ್ಟುಪಾಳ್ಯಂ ಬಸ್ಸು ಹತ್ತಿದರೆ ಸುತ್ತು ತಪ್ಪುತ್ತದೆ.

ಸೇರ್ಪಡೆಯ ದಿನ ಹೋಗುವುದೆಲ್ಲ ಕಾಗದಪತ್ರಗಳಿಗೆ. ಹಂಚಿಕೆ ಪತ್ರ, ಅಂಕಪಟ್ಟಿಗಳು, ವರ್ಗಾವಣೆ ಪತ್ರ, ಮೈಗ್ರೇಶನ್ ಪ್ರಮಾಣಪತ್ರ, ನಡತೆ ಪತ್ರ, ವೈದ್ಯಕೀಯ ಪ್ರಮಾಣಪತ್ರ ಎಲ್ಲದರ ಮೂಲ ಪ್ರತಿ ಬೇಕು. ಅವುಗಳ ನಕಲು ನಾಲ್ಕಾರು ಜೊತೆ ಕೈಯಲ್ಲಿರಬೇಕು. ಕರ್ನಾಟಕದವರಿಗೆ ತೊಡಕಾಗುವುದು ಮುಖ್ಯವಾಗಿ ನಾಡಕಚೇರಿಯ ಕಾಗದಗಳು. ಕನ್ನಡದಲ್ಲಿ ಪಡೆದ ಜಾತಿ ಪತ್ರ, ಆದಾಯ ಪತ್ರವನ್ನು ಅಲ್ಲಿಯ ಗುಮಾಸ್ತರು ಓದಲಾರರು. ಊರು ಬಿಡುವ ಮೊದಲೇ ಇಂಗ್ಲಿಷಿನಲ್ಲಿ ಪಡೆಯಬೇಕು, ಇಲ್ಲವೇ ಅನುವಾದ ಮಾಡಿಸಿ ನೋಟರಿ ಹಾಕಿಸಬೇಕು. ಮೂಲ ಪ್ರತಿಗಳನ್ನು ಕಾಲೇಜಿಗೆ ಒಪ್ಪಿಸಬೇಕಾಗಿ ಬಂದರೆ ಅದಕ್ಕೆ ಮುಂಚೆ ಎಲ್ಲವನ್ನೂ ಸ್ಕ್ಯಾನ್ ಮಾಡಿಟ್ಟುಕೊಳ್ಳದವರು ವಿದ್ಯಾರ್ಥಿವೇತನದ ಅರ್ಜಿ ತುಂಬುವಾಗ ಪೇಚಾಡುತ್ತಾರೆ. ರ್‍ಯಾಗಿಂಗ್ ಮಾಡುವುದಿಲ್ಲವೆಂಬ ಮುಚ್ಚಳಿಕೆಗೆ ವಿದ್ಯಾರ್ಥಿಯಷ್ಟೇ ಅಲ್ಲ, ತಂದೆ ತಾಯಿಯೂ ಸಹಿ ಹಾಕಬೇಕು. ಇದು ಬರಿಯ ಶಾಸ್ತ್ರಕ್ಕಲ್ಲ. ತಮಿಳುನಾಡು 1997ರಲ್ಲೇ ರ್‍ಯಾಗಿಂಗ್ ನಿಷೇಧಕ್ಕೆಂದು ಪ್ರತ್ಯೇಕ ಕಾನೂನು ಮಾಡಿದ ರಾಜ್ಯ. ದೇಶಕ್ಕೆಲ್ಲ ಒಂದೇ ಆದ ಸಹಾಯವಾಣಿ 1800-180-5522 ಹಗಲೂ ರಾತ್ರಿಯೂ ಕೆಲಸ ಮಾಡುತ್ತದೆ. ಸಂಖ್ಯೆ ಮಕ್ಕಳ ಮೊಬೈಲಿನಲ್ಲಿಯೂ ಇರಲಿ, ಮನೆಯ ಕ್ಯಾಲೆಂಡರಿನ ಮೇಲೆಯೂ ಇರಲಿ.

ಹೊರದೇಶಕ್ಕೆ ಓದಲು ಹೋದವರ ಮೊದಲ ವಾರಕ್ಕೂ ಇದಕ್ಕೂ ಹೋಲಿಕೆಯಿದೆ. ದಕ್ಷಿಣ ಅಮೆರಿಕದ ಸಾವೊ ಪಾವ್ಲೊಗೆ ಹೋದ ವಿದ್ಯಾರ್ಥಿ 90 ದಿನಗಳೊಳಗೆ ಬ್ರೆಜಿಲಿನ ಫೆಡರಲ್ ಪೊಲೀಸರ ಬಳಿ ಹೆಸರು ನೋಂದಾಯಿಸಬೇಕು. ಸಿಪಿಎಫ್ ಎಂಬ ತೆರಿಗೆ ಸಂಖ್ಯೆ ಇಲ್ಲದಿದ್ದರೆ ಮೊಬೈಲ್ ಸಿಮ್ಮಿಗೂ ಪರದಾಟ. ಬೀದಿಯಲ್ಲಿ ಪೋರ್ಚುಗೀಸ್ ಬಿಟ್ಟರೆ ಬೇರೆ ಭಾಷೆ ನಡೆಯದು. ಪಾಠದ ವರ್ಷ ಶುರುವಾಗುವುದು ಫೆಬ್ರುವರಿ–ಮಾರ್ಚಿನಲ್ಲಿ, ಅವರ ಬೇಸಿಗೆ ಇಳಿಯುವ ಹೊತ್ತಿಗೆ. ಅಷ್ಟು ದೂರ ಹೋಗುವವನಿಗೆ ತಾನು ಪರದೇಶಿ ಎಂಬುದು ವಿಮಾನದಲ್ಲೇ ಖಚಿತವಾಗಿರುತ್ತದೆ, ಹಾಗಾಗಿ ಅವನು ತಯಾರಾಗಿ ಇಳಿಯುತ್ತಾನೆ. ಮೆಟ್ಟುಪಾಳ್ಯಂಗೆ ಬರುವ ಕನ್ನಡಿಗ ಮಾತ್ರ ತಯಾರಾಗುವುದಿಲ್ಲ. ಪಕ್ಕದ ರಾಜ್ಯ, ಅದೇ ರೂಪಾಯಿ, ಅದೇ ಸಾಂಬಾರು, ತಮಿಳು ಸಿನಿಮಾ ನೋಡಿದ ಅನುಭವ ಬೇರೆ. ಮೊದಲ ಹದಿನೈದು ದಿನಗಳಲ್ಲಿ ಅವನು ಕಂಗಾಲಾಗುವುದಕ್ಕೆ ಈ ಸಲಿಗೆಯೇ ಕಾರಣ.

ಇದು ಮೊದಲು ಕಾಣುವುದು ಹಾಸ್ಟೆಲಿನ ಮೆಸ್ಸಿನಲ್ಲಿ. ಇಡ್ಲಿ, ದೋಸೆ, ಪೊಂಗಲ್ ನೋಡಿ ಮನೆಯದೇ ಊಟವೆನಿಸುತ್ತದೆ. ಮಧ್ಯಾಹ್ನ ತಟ್ಟೆಗೆ ಬೀಳುವ ದಪ್ಪ ಕುಸುಬಲಕ್ಕಿ ಅನ್ನ, ಅದರ ಮೇಲೆ ಹುಣಸೆ ಹುಳಿ ಮುಂದಾದ ಕುಳಂಬು, ಆಮೇಲೆ ರಸ, ಕೊನೆಗೆ ಮಜ್ಜಿಗೆ. ಸಾರಿಗೆ ಬೆಲ್ಲ ಹಾಕುವ ಮನೆಯಿಂದ ಬಂದವರಿಗೆ ಈ ಹುಳಿ ಖಾರ ಹತ್ತು ದಿನ ಗಂಟಲಲ್ಲೇ ನಿಲ್ಲುತ್ತದೆ. ಕರಾವಳಿಯ ಮಕ್ಕಳಿಗೆ ಕುಸುಬಲಕ್ಕಿಯ ಚಿಂತೆಯಿಲ್ಲ. ಹೆಚ್ಚು ಒದ್ದಾಡುವವರು ವಿಜಯಪುರ, ಕಲಬುರಗಿ ಕಡೆಯವರು. ರೊಟ್ಟಿಯೆಂಬುದು ವಾರಕ್ಕೊಮ್ಮೆ ಚಪಾತಿಯ ವೇಷದಲ್ಲಿ ಬಂದರೆ ಅದೇ ಹಬ್ಬ. ಕಟಕ ರೊಟ್ಟಿ, ಶೇಂಗಾ ಚಟ್ನಿ ಕೆಡದೆ ಬಹಳ ದಿನ ಇರುವುದರಿಂದ ಅವನ್ನು ಕಟ್ಟಿಕೊಡುವ ತಾಯಂದಿರು ಜಾಣರು. ಅದೇ ತಾಯಂದಿರು ಒಂದು ಮಾತಿಗೆ ಸಿದ್ಧರಾಗಿರಬೇಕು: ಡಬ್ಬಿ ಕೋಣೆಯ ಎಲ್ಲರದ್ದೂ ಆಗುತ್ತದೆ, ಮೂರನೆಯ ದಿನಕ್ಕೆ ಖಾಲಿ. ಕೊಯಮತ್ತೂರು ಸುತ್ತಿನ ಕೊಂಗು ನಾಡಿನ ಅರಿಸಿ ಪರುಪ್ಪು ಸಾದಂ, ಅಂದರೆ ಅಕ್ಕಿ ತೊಗರಿಬೇಳೆ ಒಟ್ಟಿಗೆ ಬೇಯಿಸಿ ತುಪ್ಪ ಹಾಕಿದ ಅನ್ನ, ಹೊಸಬರ ಹೊಟ್ಟೆಗೆ ಬೇಗ ಒಗ್ಗುವ ಊಟ. ಊರಿನ ಹೋಟೆಲಿನಲ್ಲಿ ಸಿಕ್ಕಿದ ದಿನ ಬಿಡಬಾರದು.

ಭಾಷೆಯ ಮಾತು ಸ್ವಲ್ಪ ವಿಸ್ತಾರವಾಗಿ ಹೇಳಬೇಕಾದ್ದು. ತರಗತಿ ಇಂಗ್ಲಿಷಿನಲ್ಲಿ ನಡೆಯುತ್ತದೆ. ಕಷ್ಟದ ಜಾಗ ಬಂದಾಗ ಮೇಷ್ಟರ ಬಾಯಲ್ಲಿ ತಮಿಳು ಹೊರಳುವುದು ಸಹಜ, ಧಾರವಾಡದಲ್ಲೂ ಆ ಹೊತ್ತಿಗೆ ಕನ್ನಡ ಬರುತ್ತದೆ. ತೊಂದರೆ ತರಗತಿಯ ಹೊರಗೆ. ಕೊಂಗು ತಮಿಳಿನಲ್ಲಿ ಮರ್ಯಾದೆಗೆ ದೊಡ್ಡ ಜಾಗವಿದೆ. ಚಿಕ್ಕವರನ್ನೂ ‘ವಾಂಗ’, ‘ಸೊಲ್ಲುಂಗ’ ಎಂದು ಬಹುವಚನದಲ್ಲಿ ಮಾತಾಡಿಸುವ ಸೀಮೆ ಅದು. ಸಿನಿಮಾ ನೋಡಿ ಕಲಿತ ‘ವಾ’, ‘ಪೋ’ ಬಳಸಿ ಮೆಸ್ಸಿನ ಅಡುಗೆಯವರನ್ನು ಕರೆದ ಹುಡುಗನಿಗೆ ಎರಡನೆಯ ಸಲ ಚಟ್ನಿ ಸಿಗುವುದು ಕಷ್ಟ. ಅಣ್ಣ, ಅಕ್ಕ ಎಂಬ ಸಂಬೋಧನೆ ಎರಡೂ ಕಡೆ ಒಂದೇ ಆಗಿರುವುದು ಪುಣ್ಯ. ಬಸ್ಸಿನ ಕಂಡಕ್ಟರ್, ಜೆರಾಕ್ಸ್ ಅಂಗಡಿಯವರು, ಹಿರಿಯ ವಿದ್ಯಾರ್ಥಿ ಎಲ್ಲರಿಗೂ ಅಣ್ಣ ಸಾಕು.

ಲಿಪಿ ಕಲಿಯುವುದನ್ನು ಮುಂದೂಡುವುದು ಸಾಮಾನ್ಯವಾಗಿ ನಡೆಯುವ ತಪ್ಪು. ಟೌನ್ ಬಸ್ಸುಗಳ ಬೋರ್ಡು ಹೆಚ್ಚಾಗಿ ತಮಿಳಿನಲ್ಲೇ ಇರುತ್ತದೆ. ಅದೂ ಕೊಯಮತ್ತೂರು ಎಂದಲ್ಲ ‘ಕೋವೈ’ ಎಂದು, ಊಟಿ ಎಂದಲ್ಲ ‘ಉದಗೈ’ ಎಂದು. ಕನ್ನಡದ ಮಕ್ಕಳಿಗೆ ತಮಿಳು ಲಿಪಿ ಒಂದು ವಾರದ ಕೆಲಸ. ಕ, ಖ, ಗ, ಘ ನಾಲ್ಕಕ್ಕೂ ಅಲ್ಲಿ ಒಂದೇ ಅಕ್ಷರವಿರುವುದರಿಂದ ಕಲಿಯಬೇಕಾದ ಅಕ್ಷರ ಕಡಿಮೆ, ಊಹಿಸಬೇಕಾದ ಉಚ್ಚಾರ ಹೆಚ್ಚು. ಹುಡುಗಿಯರಿಗೆ ಬಸ್ಸಿನ ಬೋರ್ಡು ಓದುವುದರಲ್ಲಿ ಇನ್ನೊಂದು ಲಾಭವಿದೆ. ತಮಿಳುನಾಡಿನಲ್ಲಿ 2021ರಿಂದ ಸಾಧಾರಣ ದರದ ಟೌನ್ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ ಹಣವಿಲ್ಲ. ಕರ್ನಾಟಕದ ಶಕ್ತಿ ಯೋಜನೆ ಕೇಳುವಂತೆ ರಾಜ್ಯದ ಗುರುತಿನ ಚೀಟಿಯನ್ನು ಅಲ್ಲಿ ಕೇಳುವುದಿಲ್ಲ. ದೂರದ ಬಸ್ಸುಗಳಿಗೆ ಇದು ಅನ್ವಯಿಸದು. ತಪ್ಪು ಬಸ್ಸು ಹತ್ತಿ ಕಂಡಕ್ಟರ್ ಜೊತೆ ವಾದಕ್ಕಿಳಿಯುವುದಕ್ಕಿಂತ ಬೋರ್ಡು ನೋಡಿ ಹತ್ತುವುದು ಒಳ್ಳೆಯದು.

ಪಾಠದ ವಿಷಯಕ್ಕೆ ಬಂದರೆ, ಅರಣ್ಯ ವಿದ್ಯಾರ್ಥಿಯ ಮೊದಲ ಗುರು ಮರದ ತೊಗಟೆ. ಮರ ಗುರುತಿಸುವ ತರಗತಿಯನ್ನು ಹೊರಗೇ ಮಾಡುತ್ತಾರೆ. ಎಲೆ ಕೈಗೆ ಸಿಗದಷ್ಟು ಎತ್ತರದ ಮರವಾದರೆ ತೊಗಟೆಯನ್ನು ಚೂರೇ ಚೂರು ಕೆತ್ತಿ ಒಳಪದರದ ಬಣ್ಣ, ವಾಸನೆ, ರಸ ನೋಡುತ್ತಾರೆ. ಹೊನ್ನೆ ಮರವಾದರೆ ಗಾಯದಿಂದ ಕೆಂಪು ಅಂಟು ಒಸರುತ್ತದೆ. ಅದರ ಕಟ್ಟಿಗೆಯ ಚೂರನ್ನು ಲೋಟ ನೀರಿಗೆ ಹಾಕಿ ಬಿಸಿಲಿಗೆ ಹಿಡಿದರೆ ನೀರಿನಲ್ಲಿ ನೀಲಿ ಹೊಳಪು ಕಾಣುತ್ತದೆ. ಮತ್ತಿಯ ತೊಗಟೆ ಮೊಸಳೆ ಚರ್ಮದ ಹಾಗೆ ಬಿರಿದಿರುತ್ತದೆ. ಹಳ್ಳಿಯಿಂದ ಬಂದ ಮಕ್ಕಳಿಗೆ ಇದೆಲ್ಲ ಗೊತ್ತಿರುವುದೇ. ಆದರೆ ಹೆಸರು ಗೊತ್ತಿರುವುದು ಕನ್ನಡದಲ್ಲಿ. ಪಕ್ಕದಲ್ಲಿ ನಿಂತವನು ಹೊಂಗೆಗೆ ಪುಂಗಂ ಎನ್ನುತ್ತಾನೆ, ನೇರಳೆಗೆ ನಾವಲ್ ಎನ್ನುತ್ತಾನೆ, ಕೇರಳದ ಹುಡುಗಿ ಮೂರನೆಯದೊಂದು ಹೆಸರು ಹೇಳುತ್ತಾಳೆ. ಹೀಗಿರುವಾಗ ಲ್ಯಾಟಿನ್ ಹೆಸರು ಹೊರೆಯಲ್ಲ, ಎಲ್ಲರೂ ಒಪ್ಪುವ ನಾಣ್ಯ. ಮೊದಲ ವಾರದಿಂದಲೇ ದಿನಕ್ಕೆ ಐದಾರರಂತೆ ಬರೆದಿಟ್ಟುಕೊಂಡವರು ಸೆಮಿಸ್ಟರ್ ಕೊನೆಗೆ ನಿರಾಳ.

ಹರ್ಬೇರಿಯಂ ಕೆಲಸವೂ ಬೇಗ ಶುರುವಾಗುತ್ತದೆ. ಹೂವೋ ಕಾಯೋ ಇರುವ ಕೊಂಬೆ ಕತ್ತರಿಸಿ, ಹಳೆಯ ಪತ್ರಿಕೆಗಳ ನಡುವೆ ಹರಡಿ, ಮೇಲೆ ಭಾರ ಹೇರಿ ಒತ್ತಬೇಕು. ಎಲೆಗಳಲ್ಲಿ ಒಂದನ್ನಾದರೂ ಮಗುಚಿ ಇಡಬೇಕು, ಬೆನ್ನಿನ ನರಗಳು ಕಾಣಲಿ ಎಂದು. ಮೊದಲ ಕೆಲವು ದಿನ ಪ್ರತಿದಿನ ಕಾಗದ ಬದಲಿಸಬೇಕು. ಬದಲಿಸದಿದ್ದರೆ ಬೂಷ್ಟು ಹಿಡಿಯುತ್ತದೆ, ಅಕ್ಟೋಬರ್–ನವೆಂಬರಿನ ಹಿಂಗಾರು ಮಳೆಯಲ್ಲಂತೂ ಖಂಡಿತ. ಕರ್ನಾಟಕದ ಬಹುಭಾಗಕ್ಕೆ ಮಳೆಗಾಲವೆಂದರೆ ಜೂನ್‌ನಿಂದ ಸೆಪ್ಟೆಂಬರ್. ಮೆಟ್ಟುಪಾಳ್ಯಂ ಪಾಲಿನ ದೊಡ್ಡ ಮಳೆ ಆಮೇಲೆ ಬರುತ್ತದೆ. ಕೊಡೆಯನ್ನು ದಸರಾ ರಜೆಗೆ ಮನೆಯಲ್ಲಿ ಬಿಟ್ಟು ಬರಬಾರದು.

ರೇಷ್ಮೆ ವಿಭಾಗಕ್ಕೆ ಸೇರುವವರಲ್ಲಿ ರಾಮನಗರ, ಚಿಕ್ಕಬಳ್ಳಾಪುರ, ಕೋಲಾರದ ಕಡೆಯವರಿದ್ದರೆ ಅವರಿಗೆ ಇಲ್ಲಿ ಪರಕೀಯತೆ ಕಡಿಮೆ. ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನೆ ಮತ್ತು ತರಬೇತಿ ಸಂಸ್ಥೆ ಹೊರತಂದ ವಿ-1 ಹಿಪ್ಪುನೇರಳೆಯೇ ಕೊಯಮತ್ತೂರು ಸುತ್ತಿನ ತೋಟಗಳಲ್ಲೂ ಇದೆ. ಹುಳುವಿನ ಜ್ವರದ ಹೆಸರು ಬದಲಾಗಬಹುದು, ಸೊಪ್ಪು ಬದಲಾಗಿಲ್ಲ.

ಇನ್ನು ಸುತ್ತಲಿನ ಕಾಡು ಮತ್ತು ಹೊಳೆ. ಇವೆರಡರ ಬಗ್ಗೆ ಸಲುಗೆ ಸಲ್ಲದು. ಮೆಟ್ಟುಪಾಳ್ಯಂನಿಂದ ಬೆಟ್ಟ ಹತ್ತುವ ರಸ್ತೆ ಎರಡು: ಕಲ್ಲಾರ್ ದಾಟಿ ಕೂನೂರಿಗೆ ಹೋಗುವುದು ಒಂದು, ಕೋಟಗಿರಿಗೆ ಹೋಗುವುದು ಇನ್ನೊಂದು. ಇವೆರಡನ್ನೂ ಅಡ್ಡಹಾಯುವುದು ಆನೆಗಳ ದಾರಿ. ಕಲ್ಲಾರ್–ಜಕ್ಕನಾರಿ ಕಾರಿಡಾರ್ ದೇಶದ ಆನೆ ದಾರಿಗಳ ಪಟ್ಟಿಯಲ್ಲಿ ಇರುವಂಥದು. ‘ಬಾಹುಬಲಿ’ ಎಂದು ಪತ್ರಿಕೆಗಳಲ್ಲಿ ಹೆಸರು ಮಾಡಿದ ದೊಡ್ಡ ಸಲಗವೊಂದು ಈ ಸೀಮೆಯಲ್ಲಿ ಓಡಾಡಿದ್ದುಂಟು. ಮುಸ್ಸಂಜೆ ಮತ್ತು ನಸುಕಿನಲ್ಲಿ ಕಾಲೇಜಿನ ಆಚೆ ನಡೆದುಕೊಂಡು ಹೋಗದಿರುವುದು, ಬೈಕಿನಲ್ಲಿ ಹೋಗುವಾಗ ಮುಂದಿನ ವಾಹನಗಳು ನಿಂತಿದ್ದರೆ ಪಕ್ಕದಿಂದ ನುಗ್ಗದಿರುವುದು, ಆನೆ ಕಂಡಾಗ ಮೊಬೈಲ್ ಎತ್ತದಿರುವುದು ಇಲ್ಲಿನವರು ಹೊಸಬರಿಗೆ ಮತ್ತೆ ಮತ್ತೆ ಹೇಳುವ ಮಾತು. ಮಲೆನಾಡಿನ ಮಕ್ಕಳು ಇದನ್ನು ಕೇಳಿ ನಗುವುದುಂಟು. ಅವರೇ ಹೆಚ್ಚು ಎಚ್ಚರವಿರಬೇಕಾದವರು, ಪರಿಚಯದ ಕಾಡೇ ಬೇರೆ, ಇದೇ ಬೇರೆ.

ಭವಾನಿಯದು ಇನ್ನೊಂದು ಬಗೆ. ನೋಡಲು ತಿಳಿ ನೀರು, ಮೊಣಕಾಲುದ್ದ. ಮೇಲೆ ಪಿಲ್ಲೂರು ಅಣೆಕಟ್ಟಿದೆ. ಅಲ್ಲಿ ನೀರು ಬಿಟ್ಟರೆ ಕೆಳಗೆ ಮಳೆಯ ಸುಳಿವೇ ಇಲ್ಲದ ಬಿಸಿಲಲ್ಲೂ ಹೊಳೆ ಏರುತ್ತದೆ. ನೆಲ್ಲಿತುರೈ, ತೇಕ್ಕಂಪಟ್ಟಿ ಕಡೆ ವಿಹಾರಕ್ಕೆ ಬಂದು ಹೊಳೆಯ ನಡುವಿನ ಬಂಡೆಗಳ ಮೇಲೆ ಸಿಕ್ಕಿಬಿದ್ದವರ, ಕೊಚ್ಚಿಹೋದವರ ಸುದ್ದಿ ಮತ್ತೆ ಮತ್ತೆ ಬರುತ್ತದೆ. ವನಭದ್ರಕಾಳಿ ಅಮ್ಮನ ಗುಡಿ ಇರುವುದು ಇದೇ ಹೊಳೆಯ ದಡದಲ್ಲಿ. ಆಡಿ ತಿಂಗಳಲ್ಲಿ, ಅಂದರೆ ನಮ್ಮ ಆಷಾಢದ ಆಸುಪಾಸಿನಲ್ಲಿ, ಅಲ್ಲಿ ಕೆಂಡ ಹಾಯುವ ಹಬ್ಬವಾಗುತ್ತದೆ. ಹೊಸಬರು ಹೋಗಿ ನೋಡುವಂಥದು, ನೀರಿಗಿಳಿಯುವುದು ಸ್ಥಳೀಯರು ಇಳಿದ ಜಾಗದಲ್ಲಿ ಮಾತ್ರ.

ಮೊದಲ ಭಾನುವಾರ ಎಲ್ಲರ ಕಣ್ಣೂ ರೈಲಿನ ಮೇಲೆ. ನೀಲಗಿರಿ ಬೆಟ್ಟದ ರೈಲು ಮೆಟ್ಟುಪಾಳ್ಯಂನಿಂದ ಕೂನೂರಿನವರೆಗೆ 1899ರಲ್ಲಿ, ಊಟಿಯವರೆಗೆ 1908ರಲ್ಲಿ ಓಡತೊಡಗಿತು. 2005ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. 46 ಕಿ.ಮೀ. ದಾರಿಯಲ್ಲಿ 250 ಸೇತುವೆ, 16 ಸುರಂಗ. ಕಲ್ಲಾರ್‌ನಿಂದ ಕೂನೂರಿನವರೆಗೆ ಏರು ಎಷ್ಟು ಕಡಿದೆಂದರೆ, ಹನ್ನೆರಡೂವರೆ ಅಡಿ ಮುಂದೆ ಹೋಗುವಷ್ಟರಲ್ಲಿ ಒಂದಡಿ ಮೇಲೇರಬೇಕಾದ ಜಾಗಗಳಿವೆ. ಅದಕ್ಕೆಂದೇ ಹಳಿಗಳ ನಡುವೆ ಹಲ್ಲಿನ ಪಟ್ಟಿ ಹಾಕಿದೆ. ಎಂಜಿನ್ನಿನ ಹಲ್ಲುಗಾಲಿ ಅದನ್ನು ಕಚ್ಚಿ ಹತ್ತುತ್ತದೆ. ಎಂಜಿನ್ ಹಿಂದಿನಿಂದ ನೂಕುತ್ತದೆ, ಮುಂದಿನಿಂದ ಎಳೆಯುವುದಿಲ್ಲ. ಬೆಳಗ್ಗೆ 7.10ಕ್ಕೆ ಹೊರಟು ಊಟಿ ಮುಟ್ಟಲು ಐದು ಗಂಟೆಯ ಹತ್ತಿರ ಬೇಕು. ವಿದ್ಯಾರ್ಥಿಗಳು ತಿಳಿಯಬೇಕಾದ್ದು ಒಂದೇ: ಟಿಕೆಟ್ ಬಹಳ ಮೊದಲೇ ತುಂಬುತ್ತದೆ, ಮತ್ತು ಹಿಂಗಾರಿನಲ್ಲಿ ಗುಡ್ಡ ಕುಸಿದು ರೈಲು ದಿನಗಟ್ಟಲೆ ನಿಲ್ಲುತ್ತದೆ. ಬಸ್ಸಿನಲ್ಲಿ ಹತ್ತಿ ಕೂನೂರು–ಊಟಿ ನಡುವಿನ ರೈಲು ಹಿಡಿಯುವುದು ಅಗ್ಗದ ಉಪಾಯ.

ಆದರೆ ಅರಣ್ಯ ವಿದ್ಯಾರ್ಥಿಗೆ ರೈಲಿಗಿಂತ ಅದರ ಕಿಟಕಿಯಾಚೆ ಇರುವುದು ದೊಡ್ಡ ಪಾಠ. ಕಲ್ಲಾರ್, ಬರ್ಲಿಯಾರ್‌ಗಳ ಸರ್ಕಾರಿ ತೋಟಗಳಲ್ಲಿ ಮ್ಯಾಂಗೋಸ್ಟೀನ್, ರಂಬುಟಾನ್, ಡುರಿಯನ್ ಹಣ್ಣಾಗುತ್ತವೆ. ಮೇಲೆ ಹೋದಂತೆ ಆಸ್ಟ್ರೇಲಿಯದ ನೀಲಗಿರಿ ಮರ, ವಾಟಲ್, ಸಿಲ್ವರ್ ಓಕ್. 1860ರ ದಶಕದ ಆರಂಭದಲ್ಲಿ ಮಲೇರಿಯ ಮದ್ದಿಗಾಗಿ ದಕ್ಷಿಣ ಅಮೆರಿಕದ ಆಂಡೀಸ್ ಬೆಟ್ಟಗಳಿಂದ ಸಿಂಕೋನ ಬಂದು ಇಲ್ಲಿ ಬೇರೂರಿತು. ಕ್ಲೆಮೆಂಟ್ಸ್ ಮಾರ್ಕಮ್ ಅದನ್ನು ತರಿಸಿದವರು, ಊಟಿಯ ತೋಟ ನೋಡಿಕೊಳ್ಳುತ್ತಿದ್ದ ಮ್ಯಾಕೈವರ್ ಬೆಳೆಸಿದವರು. ಅಮೆರಿಕ ಖಂಡದಿಂದ ಬಂದ ಲಂಟಾನ, ಸೆನ್ನ ಸ್ಪೆಕ್ಟಾಬಿಲಿಸ್‌ಗಳು ಈಗ ಬಂಡೀಪುರ, ಮುದುಮಲೆ, ಸತ್ಯಮಂಗಲದ ಕಾಡನ್ನೇ ಮುತ್ತಿಕೊಂಡಿವೆ. ಅಷ್ಟು ದೂರದ ಸಸಿಗಳೂ ಇಲ್ಲಿ ನೆಲೆಯಾದ ಬಗೆ ಮತ್ತು ಅದರಿಂದಾದ ಹಾನಿ ಎರಡೂ ಪಠ್ಯದ ಭಾಗ. ಕೊಯಮತ್ತೂರಿನಲ್ಲಿರುವ ಗ್ಯಾಸ್ ಅರಣ್ಯ ವಸ್ತುಸಂಗ್ರಹಾಲಯವನ್ನು ಮೊದಲ ತಿಂಗಳಲ್ಲೇ ನೋಡುವುದು ಒಳ್ಳೆಯದು. ಅದೇ ಊರಿನಲ್ಲಿ 1912ರಲ್ಲಿ ಮದ್ರಾಸ್ ಅರಣ್ಯ ಕಾಲೇಜು ಶುರುವಾದದ್ದು. ದಕ್ಷಿಣದ ಕಾಡುಗಳ ಸಿಬ್ಬಂದಿಗೆ ಕೊಯಮತ್ತೂರು ಅಂದಿನಿಂದಲೂ ಗುರುಮನೆ.

ಕಡೆಯದಾಗಿ, ಇಲ್ಲಿರುವ ಕನ್ನಡ. ಊರು ಬಿಟ್ಟ ಮಕ್ಕಳು ಮೊದಲ ದಿನವೇ ‘ನಮ್ಮವರು ಯಾರಿದ್ದಾರೆ’ ಎಂದು ಹುಡುಕುತ್ತಾರೆ. ಇದ್ದಾರೆ, ಊಹಿಸಿದ್ದಕ್ಕಿಂತ ಹೆಚ್ಚು. ಮೆಟ್ಟುಪಾಳ್ಯಂ ಪಕ್ಕದ ಸಿರುಮುಗೈ ಕೈಮಗ್ಗದ ಸಾಫ್ಟ್ ಸಿಲ್ಕ್ ಸೀರೆಗೆ ಹೆಸರಾದ ಊರು. ಅಲ್ಲಿ ಮಗ್ಗಕ್ಕೆ ಕೂರುವವರಲ್ಲಿ ದೇವಾಂಗದವರು ಬಹಳ. ಮನೆಮಾತು ಕನ್ನಡ, ಶಾಲೆ ಮತ್ತು ಬರವಣಿಗೆ ತಮಿಳು. ಕುಲದೇವತೆ ಚೌಡೇಶ್ವರಿ. ಕೊಯಮತ್ತೂರಿನ ರಾಜಬೀದಿಯ ಚೌಡೇಶ್ವರಿ ಗುಡಿಗಾಗಿ ವಿಜಯದಶಮಿಯ ದಿನ ದೇವಾಂಗ ತರುಣರು ಕತ್ತಿಯಿಂದ ಮೈ ಗೀಚಿಕೊಳ್ಳುತ್ತ ಅಮ್ಮನನ್ನು ಕರೆತರುವ ಮೆರವಣಿಗೆ ನೋಡುವಂಥದು. ಬೆಟ್ಟದ ಮೇಲೆ ಕೋಟಗಿರಿಯ ಸುತ್ತ ಬಡಗರ ಹಟ್ಟಿಗಳಿವೆ. ಬಡಗ ಮಾತು ಕನ್ನಡದ ತೀರ ಹತ್ತಿರದ ಬಂಧು, ಆದರೆ ಪ್ರತ್ಯೇಕ ಭಾಷೆಯೆಂದೇ ವಿದ್ವಾಂಸರ ಎಣಿಕೆ. ಡಿಸೆಂಬರ್ ಕೊನೆ, ಜನವರಿ ಮೊದಲಿನಲ್ಲಿ ಬೆರಗಣಿಯಲ್ಲಿ ಹೆತ್ತೆ ಹಬ್ಬವಾಗುವಾಗ ಬಿಳಿ ಬಟ್ಟೆ, ಬಿಳಿ ಮುಂಡಾಸಿನ ಜನರಿಂದ ಗುಡ್ಡದ ಇಳಿಜಾರೆಲ್ಲ ತುಂಬಿರುತ್ತದೆ. ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲಿವನ್ 1819ರಲ್ಲಿ ಬೆಟ್ಟ ಹತ್ತಿದ್ದೂ ಕೋಟಗಿರಿಯ ಮಗ್ಗುಲಿಂದ, ಊಟಿ ಎಂಬ ಪೇಟೆ ಹುಟ್ಟುವ ಮೊದಲು.

ಇನ್ನೂ ಹಿಂದಕ್ಕೆ ಹೋದರೆ ಹೊಯ್ಸಳರು ಸಿಗುತ್ತಾರೆ. ಸಿರುಮುಗೈಯ ಕೆಳಗೆ ಹರಡಿರುವ ಭವಾನಿಸಾಗರ ಜಲಾಶಯ 1955ರಲ್ಲಿ ಮುಗಿದದ್ದು. ಅದರ ನೀರಿನಡಿ ದಣ್ಣಾಯಕನ ಕೋಟೆ ಮುಳುಗಿದೆ. ಮೂರನೆಯ ಬಲ್ಲಾಳನ ಕಾಲದ ದಂಡನಾಯಕ ಮಾಧವನ ಹೆಸರು ಆ ಕೋಟೆಯೊಂದಿಗೆ ಸೇರಿಕೊಂಡಿದೆ, ತೆರಕಣಾಂಬಿಯಿಂದ ಆಳಿದ ಮನೆತನ ಅದು. ಬೇಸಿಗೆಯಲ್ಲಿ ನೀರು ಬಹಳ ಇಳಿದ ವರ್ಷ ಗುಡಿಯ ಕಲ್ಲುಗಳು ಹೊರಗೆ ಕಾಣುತ್ತವೆ.

ಇಷ್ಟು ಕನ್ನಡ ಸುತ್ತ ಇದ್ದರೂ ಹೊಸಬರು ಅದರ ಆಸರೆ ಹಿಡಿದು ಮೊದಲ ತಿಂಗಳು ಕಳೆಯುವುದು ಸರಿಯಲ್ಲ. ದೇವಾಂಗರ ಮನೆಯ ಕನ್ನಡ ಬೆಂಗಳೂರಿನ ಕನ್ನಡವಲ್ಲ. ಅಲ್ಲಿಗೆ ಹೋಗಿ ‘ಶುದ್ಧ ಕನ್ನಡ ಮಾತಾಡಿ’ ಎಂದು ತಿದ್ದುವ ಹುಡುಗರು ಅತಿಥಿಯಾಗಿ ಎರಡನೆಯ ಸಲ ಹೋಗಲಾರರು. ಬಡಗರನ್ನು ‘ನೀವೂ ಕನ್ನಡಿಗರೇ ಅಲ್ಲವೇ’ ಎಂದು ಕೇಳುವುದೂ ಹಾಗೆಯೇ. ಅವರಿಗೆ ತಮ್ಮ ಮಾತು, ತಮ್ಮ ಹೆಸರು ಇದೆ. ಕೋಣೆಯಲ್ಲಿ ನಾಲ್ವರು ಕನ್ನಡಿಗರೇ ಸೇರಿಕೊಂಡರೆ ಬೇಸರ ಕಳೆಯುತ್ತದೆ, ತಮಿಳು ಬರುವುದಿಲ್ಲ. ಎರಡನೆಯ ವರ್ಷ ರೈತರ ಹೊಲಕ್ಕೆ ಹೋಗಿ ಮರದ ಲೆಕ್ಕ ಬರೆಯುವ ದಿನ ಬಂದಾಗ ಅದರ ಬೆಲೆ ತಿಳಿಯುತ್ತದೆ. ಹಾಸ್ಟೆಲಿನವರು ಕೇಳಿದರೆ ಬೇರೆ ಊರಿನವರ ಜೊತೆ ಕೋಣೆ ಹಂಚಿಕೊಳ್ಳಲು ಒಪ್ಪುವುದೇ ಲೇಸು.

ಮೊದಲ ಸಲ ಊರಿಗೆ ಹೋಗುವ ಲೆಕ್ಕವನ್ನು ಮನೆಯವರೇ ಮುಂಚಿತವಾಗಿ ಹಾಕಬೇಕು, ಏಕೆಂದರೆ ಎರಡು ರಾಜ್ಯಗಳ ರಜೆಗಳು ಹೊಂದುವುದಿಲ್ಲ. ಆಯುಧಪೂಜೆ, ವಿಜಯದಶಮಿಗೆ ಅಲ್ಲೂ ರಜೆ. ನವೆಂಬರ್ 1ರ ರಾಜ್ಯೋತ್ಸವಕ್ಕೆ ಇಲ್ಲ. ದೀಪಾವಳಿಯನ್ನು ತಮಿಳುನಾಡಿನಲ್ಲಿ ನರಕಚತುರ್ದಶಿಯ ಒಂದೇ ದಿನ ಆಚರಿಸುತ್ತಾರೆ. ಬಲಿಪಾಡ್ಯಮಿಯ ಹೊತ್ತಿಗೆ ಅಲ್ಲಿ ತರಗತಿ ನಡೆದಿರುತ್ತದೆ, ಗೋಪೂಜೆ ಮುಗಿಸಿ ಹೊರಡುತ್ತೇನೆಂದರೆ ಒಂದು ದಿನದ ಹಾಜರಿ ಹೋಯಿತು. ಅದಕ್ಕೆ ಬದಲಾಗಿ ಜನವರಿಯಲ್ಲಿ ಪೊಂಗಲ್ ರಜೆ ಸಂಕ್ರಾಂತಿಗಿಂತ ಉದ್ದ: ಪೊಂಗಲ್, ಮಾಟ್ಟು ಪೊಂಗಲ್, ಕಾಣುಂ ಪೊಂಗಲ್ ಎಂದು ಸಾಲಾಗಿ ಬರುತ್ತದೆ. ಎಳ್ಳುಬೆಲ್ಲಕ್ಕೆ ಬಂದ ಮಕ್ಕಳನ್ನು ನಾಲ್ಕು ದಿನ ನಿಲ್ಲಿಸಿಕೊಳ್ಳಬಹುದು. ಕೊಯಮತ್ತೂರು–ಬೆಂಗಳೂರು ರೈಲಿನ ಆ ವಾರದ ಟಿಕೆಟ್ ಮಾತ್ರ ಮುಂಗಡ ಬುಕಿಂಗ್ ತೆರೆದ ದಿನವೇ ತೆಗೆಸಿಡಬೇಕು.